ಹನ್ನೆರಡು ಎಳೆ

ಇದ್ರಿಯಾ ಊರಿನ ಮೇಲಣ ತಿರುವಿನಲ್ಲಿ
ರಸ್ತೆಯನ್ನು ಹೊತ್ತು ನಿಂತ ಗೋಡೆ ನನ್ನದು.
ಎಂಟು ಮೀಟರ್ ಎತ್ತರ. ಹೊಟ್ಟೆಯೊಳಗೆ
ಹನ್ನೆರಡು ಪದರ ಕರಿ ಪ್ಲಾಸ್ಟಿಕ್ ಜಾಲರಿ,
ಪದರ ಪದರದ ನಡುವೆ
ರೋಲರ್ ತುಳಿದು ಕೂರಿಸಿದ ಜಲ್ಲಿಮಣ್ಣು.

ಮಣ್ಣು ಮುಂದಕ್ಕೆ ಜಾರಲು ನೋಡುತ್ತದೆ,
ಜಾಲರಿ ಹಿಂದಿನಿಂದ ಸೆರಗು ಹಿಡಿದಿದೆ.
ಎಷ್ಟು ಬಿಗಿಯಾಗಿ?
ಅದನ್ನು ಮೊದಲೇ ಹೇಳುವುದು ನನ್ನ ಕಸುಬು.

ಕಲಿತ ಸೂತ್ರ ಸರಳ: ಇಳಿದಷ್ಟೂ ಭಾರ.
ಕಾಗದದ ಮೇಲೆ ಅದೊಂದು ತ್ರಿಕೋನ,
ತುದಿಯಲ್ಲಿ ಸೊನ್ನೆ, ಬುಡದಲ್ಲಿ ಬೆಟ್ಟ.
ಎಲ್ಲಕ್ಕಿಂತ ಕೆಳಗಿನ ಎಳೆಯ ಮುಂದೆ
ಹದಿನೆಂಟು ಎಂದು ಬರೆದೆ,
ಮೀಟರಿಗೆ ಹದಿನೆಂಟು ಕಿಲೋನ್ಯೂಟನ್.
ಬರೆದ ರಾತ್ರಿ ನಿದ್ದೆ ಬರಲಿಲ್ಲ.

ಯುಸ್ತೀನಾ ಚಿಕ್ಕಮ್ಮ ಜಾಲರಿಯ ತುಂಡೊಂದನ್ನು
ಅಡುಗೆಮನೆ ಕಿಟಕಿಯ ಬೆಳಕಿಗೆ ಹಿಡಿದಳು.
ಗಂಡಸರು ಪಾದರಸ ಅಗೆಯಲು ನೆಲಕ್ಕಿಳಿಯುತ್ತಿದ್ದ ಕಾಲದಿಂದಲೂ
ಇಲ್ಲಿಯ ಹೆಂಗಸರದು ಇದೇ ಕೆಲಸ:
ದುಂಡು ದಿಂಬಿನ ಮೇಲೆ ಮರದ ಕಡ್ಡಿ ಕಟಕಟಿಸುತ್ತ
ನೂಲಿಗೆ ನೂಲು ಹೊಸೆದು ಲೇಸು ಹೆಣೆಯುವುದು.
"ಇದೂ ಲೇಸೇ," ಎಂದಳು. "ಒರಟು. ಆದರೂ ಲೇಸೇ.
ಯಾವ ನೂಲು ಎಷ್ಟು ಜಗ್ಗುತ್ತೆ ಅಂತ
ಹೆಣೆಯೋಕೆ ಮುಂಚೆಯೇ ಹೇಳ್ತೀಯಾ?"
"ಹೇಳಲೇಬೇಕು. ಸಹಿ ಹಾಕಬೇಕು."
"ನಾನು ಹೆಣೆಯುವಾಗ ಕೇಳ್ತೀನಿ," ಎಂದಳು.
ಯಾರನ್ನು ಕೇಳುತ್ತಾಳೆ, ಏನನ್ನು ಕೇಳುತ್ತಾಳೆ
ನಾನು ಕೇಳಲಿಲ್ಲ.

ಕಟ್ಟುವಾಗ ಜಾಲರಿಯ ಪಟ್ಟಿಗಳಿಗೆ
ಉಗುರಿನಷ್ಟು ಸ್ಟ್ರೇನ್ ಗೇಜುಗಳನ್ನು ಅಂಟಿಸಿದ್ದೆವು.
ತಂತಿಗಳೆಲ್ಲ ಬಂದು ಸೇರುವುದು ಹಸಿರು ಡಬ್ಬಿಯೊಂದಕ್ಕೆ.
ಮೊದಲ ಚಳಿಗಾಲ: ಬುಡದ ಎಳೆಯಲ್ಲಿ ಆರು.
ಬ್ಯಾಟರಿ ಬದಲಿಸಿದೆ. ಆರು.
ಎರಡನೆಯ ಚಳಿಗಾಲ: ಆರೂ ಕಾಲು.
ನಡುವಿನ ಎಳೆಗಳೂ ಹೆಚ್ಚುಕಡಿಮೆ ಅಷ್ಟೇ,
ಸಮಪಾಲು ಹಂಚಿಕೊಂಡ ದಾಯಾದಿಗಳ ಹಾಗೆ.
ತ್ರಿಕೋನ ಗೋಡೆಯೊಳಗೆ ಎಲ್ಲೂ ಇರಲಿಲ್ಲ.

ಉಳಿದ ಹನ್ನೆರಡು ಎಲ್ಲಿಗೆ ಹೋಯಿತು?
ಕಳೆದ ದುಡ್ಡು ಹುಡುಕುವವಳಂತೆ ಹುಡುಕಿದೆ.
ಒಂದಿಷ್ಟು ಗೋಡೆಯ ಪಾದದ ಕಾಂಕ್ರೀಟಿನಲ್ಲಿ ಸಿಕ್ಕಿತು,
ಒಂದಿಷ್ಟು ಮುಖದ ಕಲ್ಲುಗಳ ಗಡಸಿನಲ್ಲಿ,
ಮತ್ತಷ್ಟು ಮಣ್ಣಿನಲ್ಲೇ, ಹರಳಿಗೆ ಹರಳು ಹೆಗಲುಕೊಟ್ಟಲ್ಲಿ.
ಮಣ್ಣೆಂದರೆ ಜಾರುವುದು ಎಂದಷ್ಟೇ ಬರೆದುಕೊಂಡಿದ್ದೆ,
ನಿಲ್ಲುವುದೂ ಅದಕ್ಕೆ ಗೊತ್ತಿತ್ತು.
ಇನ್ನೂ ಮಿಕ್ಕಿದ್ದು
ಗೋಡೆಗೆ ಎಂದೂ ಬಂದದ್ದೇ ಅಲ್ಲ,
ನನ್ನ ತಲೆದಿಂಬಿನ ಕೆಳಗಿದ್ದದ್ದು.

ನವೆಂಬರಿನಲ್ಲಿ ಮೂರು ದಿನ ಬಿಡದ ಮಳೆ.
ರಾತ್ರಿ ಎರಡಕ್ಕೆ ಡಬ್ಬಿಯ ಮುಂದೆ ಕೊಡೆ ಹಿಡಿದು ನಿಂತೆ.
ಏಳು ದಶಮಾಂಶ ಒಂದು.
ಗೋಡೆಯ ಕೆಳಗಿನ ತೋಟದ ಜೇನುಗಾರ ದ್ರೇಯ್ಚ್
ಟಾರ್ಚು ಹಿಡಿದು ಹತ್ತಿ ಬಂದ.
"ಬೀಳುತ್ತಾ?"
"ಏಳು ದಶಮಾಂಶ ಒಂದು."
"ಅದು ಹೌದಾ, ಅಲ್ಲವಾ?"
ಬೆಳಗಾಗುವಾಗ ಆರೂ ಮುಕ್ಕಾಲು.
ಅಷ್ಟು ಹೊತ್ತೂ ಅವನು ಪಕ್ಕದಲ್ಲೇ ಇದ್ದ,
ಒದ್ದೆ ಕಲ್ಲಿನ ಮೇಲೆ ಕೂತು,
ಕೆಳಗಿನ ಕತ್ತಲಿಗೆ ಆಗಾಗ ಟಾರ್ಚು ಬಿಡುತ್ತ.

ಈಗ ಲ್ಯುಬ್ಲ್ಯಾನಾದ ಕಚೇರಿಯಿಂದ ಪತ್ರ:
ಮುಂದಿನ ತಿರುವಿನ ಗೋಡೆಗೆ ಒಂಬತ್ತು ಪದರ ಸಾಲದೇ?
ನಿಮ್ಮದೇ ಅಂಕಿಗಳು ಹೇಳುತ್ತಿವೆಯಲ್ಲ.
ಹೇಳುತ್ತಿವೆ, ನಿಜ.
ಚಿಕ್ಕಮ್ಮನೂ ಅವರ ಕಡೆಗೇ:
"ನೂಲು ಹೆಚ್ಚಾದರೆ ಲೇಸಾಗಲ್ಲ ಕಣೇ, ಗೋಣಿಯಾಗುತ್ತೆ."
ಹತ್ತು ಎಂದು ಬರೆದು ಸಹಿ ಹಾಕಿದೆ.
ಆ ಹತ್ತನೆಯದರ ಮುಂದೆ ಕಾರಣದ ಜಾಗ ಖಾಲಿ.

ಏಪ್ರಿಲ್. ಡಬ್ಬಿ ಓದಲು ಹೋದವಳು ಕಂಡೆ:
ಗೋಡೆ ಏಳುವಾಗ ದ್ರೇಯ್ಚ್ ಹೊಳೆಯಾಚೆ ಸಾಗಿಸಿದ್ದ
ಬಣ್ಣದ ಜೇನುಪೆಟ್ಟಿಗೆಗಳಲ್ಲಿ ಮೂರು
ಮತ್ತೆ ಗೋಡೆಯ ಬುಡಕ್ಕೆ ಬಂದಿವೆ.
ಉಳಿದ ಐದು ಇನ್ನೂ ಆಚೆ ದಡದಲ್ಲೇ.